ಮಾವನವರು ಉಜ್ಜಿದ ಗಾಜು

ನಾನು ಸೊಸೆಯಾಗಿ ಬಂದಾಗ ಆ ಮನೆಯ ಮುಂಭಾಗದಲ್ಲಿ ಕನ್ನಡಕದ ಅಂಗಡಿ, ಹಿಂಭಾಗದಲ್ಲಿ ಸಂಸಾರ. ಸಾಣೆಕಲ್ಲಿಗೆ ನೀರು ಚಿಮುಕಿಸುತ್ತಾ ಮಾವನವರು ಗಾಜಿನ ಅಂಚು ಉಜ್ಜುವ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಈಗಲೂ ಎಲ್ಲಾದರೂ ಅಂಥ ಸದ್ದು ಕಿವಿಗೆ ಬಿದ್ದರೆ ನನ್ನ ಕೈಕೆಲಸ ನಿಂತುಬಿಡುತ್ತದೆ.

ಬೀದಿಗೆಲ್ಲ ಕನ್ನಡಕ ಮಾಡಿಕೊಟ್ಟ ಆ ಮನೆಯಲ್ಲಿ ಅತ್ತೆಯೊಬ್ಬರೇ ಅದನ್ನು ಮುಟ್ಟುತ್ತಿರಲಿಲ್ಲ. ಹತ್ತಿರದ ಅಕ್ಷರ ಅವರಿಗೆ ಮಸುಕಾಗಿ ವರ್ಷವಾಗಿತ್ತು.

“ಕಣ್ಣು ವಾಸಿ ಮಾಡಪ್ಪಾ ಅಂತ ಯೇಸುವನ್ನ ಕೇಳಿದ್ದೀನಿ. ಕೇಳಿಬಿಟ್ಟು ಗಾಜಿನ ಮೊರೆ ಹೋದ್ರೆ ಅವನಿಗೆ ಏನನ್ಸುತ್ತೆ ರೀ?”

“ಊರವರಿಗೆಲ್ಲ ನನ್ನ ಅಂಗಡಿ, ನಿನಗೊಬ್ಳಿಗೆ ಪವಾಡ! ಜಂಬ ಕಣೇ ನಿಂದು,” ಎಂದು ಮಾವನವರು ಕಾಲೆಳೆಯುತ್ತಿದ್ದರು.

ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಬೈಬಲ್ ಓದುವುದು ಅತ್ತೆಯ ಪಾಲು. ದಿನಕ್ಕೊಂದು ಅಧ್ಯಾಯ, ಒಂದನ್ನೂ ಬಿಡುವಂತಿಲ್ಲ. ಕಣ್ಣು ಕೈಕೊಟ್ಟರೂ ಅವರ ಓದು ನಿಲ್ಲಲಿಲ್ಲ. ತವರಿನಲ್ಲಿ ಅದರ ವಾಕ್ಯ ಕೇಳುತ್ತಲೇ ಬೆಳೆದ ನನಗೆ ವಾರದೊಳಗೇ ಗೊತ್ತಾಯಿತು: ಬೆರಳು ಒಂದು ಪುಟದ ಮೇಲೆ ಹರಿಯುತ್ತಿತ್ತು, ಬಾಯಿ ಮುಂದಿನ ಪುಟದಲ್ಲಿರುತ್ತಿತ್ತು. ಎಲ್ಲವೂ ಕಂಠಪಾಠ. ಹೊಸ ಸೊಸೆ, ಸುಮ್ಮನಿದ್ದೆ.

ಒಂದು ಸಂಜೆ ವಂಶಾವಳಿಯ ಅಧ್ಯಾಯ ಬಂತು. ಉದ್ದಕ್ಕೂ ಬರೀ ಹೆಸರು. ಅದನ್ನು ಯಾರು ತಾನೇ ಬಾಯಿಪಾಠ ಮಾಡಿರುತ್ತಾರೆ? ನಾಲ್ಕು ತಲೆಮಾರು ಸಲೀಸಾಗಿ ದಾಟಿದ ಅತ್ತೆ ಐದನೆಯದರಲ್ಲಿ ತಡವರಿಸಿದರು. ಆಮೇಲೆ ಅದೇ ರಾಗದಲ್ಲಿ, “ಅವನ ಮಗನು ಬಡಗಿ. ಬಡಗಿಯ ಮಗನು ದರ್ಜಿ. ದರ್ಜಿಯ ಮಗನು ಅಂಚೆಯಣ್ಣ...” ಎಂದು ನಮ್ಮ ಬೀದಿಯ ಮನೆಗಳನ್ನೇ ಸಾಲಾಗಿ ಹೇಳತೊಡಗಿದರು.

ನನ್ನ ಗಂಡನಿಗೆ ನಗು ತಡೆಯಲಾಗಲಿಲ್ಲ. “ಅಮ್ಮಾ, ದರ್ಜಿಗೆ ಮದುವೇನೇ ಆಗಿಲ್ವಲ್ಲ!”

ಅತ್ತೆ ಪುಸ್ತಕ ಮುಚ್ಚಿದರು. “ನಗ್ಬೇಡ್ವೋ. ದೇವರ ವಾಕ್ಯಕ್ಕೆ ನನ್ನ ಸುಳ್ಳು ಬೆರೆಸಿಬಿಟ್ಟೆ. ಇನ್ಮೇಲೆ ನಾನು ಓದಲ್ಲ.”

ಮಾವನವರು ನಗಲಿಲ್ಲ. ಎದ್ದು ಅಂಗಡಿಗೆ ಹೋಗಿ ಒಂದು ಕನ್ನಡಕ ತಂದರು. “ಸೂಜಿಗೆ ದಾರ ಪೋಣಿಸುವಾಗ ನೀನು ಕೈ ಎಷ್ಟು ದೂರ ಚಾಚ್ತೀಯ ಅಂತ ನೋಡಿ ನೋಡಿ ನಂಬರ್ ಹಿಡಿದೆ. ಗಾಜು ಉಜ್ಜುವಾಗ ನಾನೂ ಕೇಳಿದ್ದೀನಿ ಕಣೇ, ಇವಳ ಕಣ್ಣು ಸರಿಯಾಗ್ಲಿ ಅಂತ. ನಾನು ಕೇಳಿದ್ದೇನು ಬೇರೆ ಯೇಸುವನ್ನಾ?”

“ಇದನ್ನೇ ನಂಬ್ಕೊಂಡು ಬಿಟ್ರೆ?”

“ನಂಬು ಅಂದವರ್ಯಾರು? ಮೂಗಿನ ಮೇಲೆ ಇಟ್ಕೋ ಅಂದೆ, ಅಷ್ಟೇ.”

ಅತ್ತೆ ಅದನ್ನು ಸೆರಗಿನ ಅಂಚಿನಿಂದ ಒರೆಸಿದರು, ಮತ್ತೆ ಒರೆಸಿದರು. ಕೊನೆಗೆ ಹಾಕಿಕೊಂಡು ಅಧ್ಯಾಯವನ್ನು ಮೊದಲಿನಿಂದ ಓದಿದರು, ಹೊಸದಾಗಿ ಅಕ್ಷರ ಕಲಿತವರ ಹಾಗೆ ಒಂದೊಂದೇ ಹೆಸರು ಕೂಡಿಸುತ್ತಾ. ಅಡುಗೆ ಆರಿ ತಣ್ಣಗಾಯಿತು, ಯಾರೂ ಏಳಲಿಲ್ಲ. ಅಷ್ಟು ಎಡವಿದ ಓದು ನನ್ನ ಕಿವಿಗೆ ಅಷ್ಟು ಇಂಪಾಗಿ ಕೇಳಿದ್ದು ಅದೊಂದೇ ಸಲ.

ಓದು ಮುಗಿದಾಗ ಅವರು ಕನ್ನಡಕ ತೆಗೆದು ಮಾವನವರ ಅಂಗೈಯಲ್ಲಿಟ್ಟು, “ಪ್ರಾರ್ಥನೆಗೆ ಇದು ಬೇಡ ಬಿಡಿ,” ಎಂದು ಕಣ್ಣು ಮುಚ್ಚಿದರು. ಅವರಿಬ್ಬರೂ ಇರುವಷ್ಟು ಕಾಲ ಪ್ರತಿ ಸಂಜೆ ಹಾಗೆಯೇ ನಡೆಯಿತು.