ಎರಡು ಬಡಿತ

ಗಂಡನ ಹೆಣಕ್ಕೆ ತೊಡಿಸಿದ ಖಾಕಿ ಅಂಗಿಯ ಮೂರನೆಯ ಗುಂಡಿ ಹಾಕುವಾಗ ಹೊನ್ನೂರಮ್ಮನ ಕೈಯನ್ನು ಮೈದುನ ಕೊಟ್ರೇಶ್ ತಡೆದ. ಅವನು ಜಗಳೂರಿನಿಂದ ಹೊಸ ಪಂಚೆ, ಬಿಳಿ ಅಂಗಿ ತಂದಿದ್ದ. ಸತ್ತವರಿಗೆ ಹೊಸ ಬಟ್ಟೆ ಉಡಿಸುವುದು ಪದ್ಧತಿ, ಕಂಡಕ್ಟರ್ ಅಂಗಿಯಲ್ಲಿ ಕಳಿಸಿದರೆ ಜನ ನಕ್ಕಾರು ಎಂದ.

"ಆ ಕಾಯಿಲೆ ಬಂದ ಮೇಲೆ ಅಣ್ಣ ಅರ್ಧ ಮನುಷ್ಯ ಆಗಿದ್ದ ಅತ್ತಿಗೆ. ಸ್ಕ್ಯಾನಲ್ಲೇ ಕಂಡಿತ್ತಲ್ಲ. ಈಗ ಖಾಕಿ ಯಾಕೆ?"

ಹೊನ್ನೂರಮ್ಮನಿಗೆ ಮೈ ಉರಿಯಿತು. ಗಂಡ ಹನುಮಂತಪ್ಪ ನಿನ್ನೆ ಕಡೇ ಟ್ರಿಪ್ ಮುಗಿಸಿ ನ್ಯಾಮತಿಯ ಮನೆಗೆ ಬಂದು ಉಂಡು ಮಲಗಿದವನು ಬೆಳಗ್ಗೆ ಏಳಲಿಲ್ಲ. ಅಂಥವನನ್ನು ಅರ್ಧ ಮನುಷ್ಯ ಎನ್ನಿಸಿ ಮಣ್ಣಿಗೆ ಕಳಿಸಲು ಅವಳು ಸುತರಾಂ ಒಪ್ಪಳು. ನಾಲ್ಕನೆಯ ಗುಂಡಿಯನ್ನೂ ಹಾಕಿದಳು.

*

ಅದು ಕೊರೊನಾದ ಎರಡನೇ ಅಲೆಯ ಕಾಲ. ದಾವಣಗೆರೆಯ ಆಸ್ಪತ್ರೆಯಲ್ಲಿ ಹನುಮಂತಪ್ಪನ ಉಸಿರು ಸರಿಹೋದರೂ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ದಿನವಿಡೀ ಊರುಗಳ ಹೆಸರು ಕೂಗಿ ಬದುಕಿದ ಗಂಟಲು ಅದು. ಡಾಕ್ಟರು ತಲೆಗೆ ಎಂಆರ್‌ಐ ಮಾಡಿಸಲು ಹೇಳಿದರು. ಹೊನ್ನೂರಮ್ಮ ಗಾಜಿನ ಈಚೆ ನಿಂತಳು. ಯಂತ್ರ ಧಡಧಡ ಎನ್ನತೊಡಗಿದ್ದೇ ತಡ, ಒಳಗಿಂದ ಅಂಗೈಯ ಒಂದು ಬಡಿತ, ಹಿಂದೆಯೇ ಸ್ಪೀಕರ್‌ನಲ್ಲಿ ಗಂಡನ ದನಿ.

"ಹೋಲ್ಡಾನ್!"

ಪುಣ್ಯಾತ್ಮ ಯಂತ್ರವನ್ನು ಕೆಟ್ಟ ಬಸ್ಸು ಎಂದುಕೊಂಡು ನಿಲ್ಲಿಸಲು ಕೂಗಿದ್ದ. ಚಿತ್ರವೆಲ್ಲ ಅಲುಗಿಹೋಯಿತೆಂದು ಟೆಕ್ನಿಷಿಯನ್ ರೇಗಿದರೆ, ಹೊನ್ನೂರಮ್ಮ ಗೋಡೆ ಹಿಡಿದುಕೊಂಡು ನಗುತ್ತಲೇ ಅತ್ತಳು. ಎರಡನೇ ಸಲ ತೆಗೆದ ಚಿತ್ರದಲ್ಲಿ ಮಿದುಳಿನಲ್ಲಿ ಅಲ್ಲಲ್ಲಿ ಸಾಸಿವೆಯಂಥ ರಕ್ತದ ಚುಕ್ಕೆಗಳು ಕಂಡವು. ಮಾತು ಅಷ್ಟಿಷ್ಟು ಬಂದೀತು, ಬಸ್ಸಿನ ಆಸೆ ಬಿಡಿ ಎಂದರು ಡಾಕ್ಟರು.

ಅವಳು ಬಿಡಲಿಲ್ಲ. ದಿನಾ ಗಂಡನನ್ನು ಜಗಲಿಯ ಮೇಲೆ ನಿಲ್ಲಿಸಿ, ತಾನು ಬಸ್ಸು ಕಾಯುವವಳಂತೆ ಮೆಟ್ಟಿಲಲ್ಲಿ ಕೂತು ಊರುಗಳ ಹೆಸರು ಕೂಗಿಸುತ್ತಿದ್ದಳು. ಹೊನ್ನಾಳಿ ಎನ್ನಬೇಕಾದಲ್ಲಿ ಅವನು ಚನ್ನಗಿರಿ ಎಂದು ಕೂಗುತ್ತಿದ್ದ.

"ಚನ್ನಗಿರಿ ನನ್ನ ತವರು ಕಣ್ರೀ. ನಿಮ್ಮ ಬಸ್ಸು ಅಲ್ಲಿಗೆ ಹೋಗಲ್ಲ. ಇನ್ನೊಂದು ಸಲ ಕೂಗ್ರಿ."

ಮುಂದಿನ ಮಳೆಗಾಲದ ಹೊತ್ತಿಗೆ ಹನುಮಂತಪ್ಪ ಮತ್ತೆ ಕಂಡಕ್ಟರಾಗಿ ಬಸ್ಸು ಹತ್ತಿದ್ದ.

*

ಅದೇ ಬಸ್ಸು ಈಗ ಮನೆ ಮುಂದೆ ಬಂದು ನಿಂತಿತು. ಮುಂದಿನ ಗಾಜಿಗೆ ಚೆಂಡುಹೂವಿನ ಹಾರ. ಹೆಣವನ್ನು ಮಣ್ಣಿಗೆ ಒಯ್ಯಲೆಂದು ಬಸ್ಸಿನ ಮಾಲೀಕರೇ ಕೊಟ್ಟು ಕಳಿಸಿದ್ದರು. ಡ್ರೈವರ್ ಓಂಕಾರ್‌ನ ಹಿಂದೆಯೇ ದಿನದ ಪ್ರಯಾಣಿಕರು ಇಳಿದರು. ಜಗಳೂರಿನ ನರ್ಸುಗಳು, ಹೊನ್ನಾಳಿಯ ಮೇಷ್ಟ್ರು, ಹೂ ಮಾರುವವರು, ಅಂಗಳ ಸಾಲದಷ್ಟು ಜನ. ಕೊಟ್ರೇಶ್ ಬಿಳಿ ಅಂಗಿ ತೋರಿಸಿ ಓಂಕಾರ್‌ನ ಹತ್ತಿರವೂ ಅರ್ಧ ಮನುಷ್ಯನ ಮಾತೆತ್ತಿದ.

"ನಾನು ಹಿಂದಕ್ಕೆ ತಿರುಗಿ ನೋಡಿದೋನೇ ಅಲ್ಲ ಕಣಣ್ಣ," ಎಂದ ಓಂಕಾರ್. "ಅವ್ರು ಒಂದು ಬಡಿದ್ರೆ ನಿಲ್ಸಾದು, ಎರಡು ಬಡಿದ್ರೆ ಹೊರಡಾದು. ಬಸ್ಸು ತುಂಬಾ ಜನ ಆ ಕೈ ನಂಬ್ಕೊಂಡು ಕೂತಿರ್ತಿದ್ರು. ಅರ್ಧ ಮನುಷ್ಯ ಮಾಡಾಕೆ ಆಗೋ ಕೆಲಸ ಐತಾ ಇದು?"

ಕೊಟ್ರೇಶ್ ಬಿಳಿ ಅಂಗಿಯನ್ನು ಪಕ್ಕಕ್ಕಿಟ್ಟ. ಅಣ್ಣನ ಕೊರಳ ಗುಂಡಿಯನ್ನು ತಾನೇ ಹಾಕಿ, ಕಾಲರ್ ಸರಿಮಾಡಿದ.

ಚಟ್ಟವನ್ನು ಸೀಟುಗಳ ನಡುವೆ ಇಟ್ಟು ಗಂಡಸರು ಹತ್ತಿದರು. ಹೆಂಗಸರು ಮಣ್ಣಿಗೆ ಹೋಗುವ ರೂಢಿ ಅವರಲ್ಲಿಲ್ಲ, ಹೊನ್ನೂರಮ್ಮ ಅಂಗಳದಲ್ಲೇ ಉಳಿದಳು. ಎಂಜಿನ್ ಶುರುವಾಗಿದ್ದರೂ ಬಸ್ಸು ಕದಲಲಿಲ್ಲ. ಯಾರೋ ಅವಸರಿಸಿದರು. ಓಂಕಾರ್ ಗೇರಿನ ಮೇಲೆ ಕೈಯಿಟ್ಟು, ಮುಂದೆ ನೋಡುತ್ತಾ, ಎಂದಿನಂತೆ ಕಾಯುತ್ತಿದ್ದ.

ಹೊನ್ನೂರಮ್ಮ ಹಿಂದಿನ ಬಾಗಿಲ ಹತ್ತಿರ ಹೋದಳು. ಅಂಗೈ ಅಗಲಿಸಿ ಬಸ್ಸಿನ ತಗಡಿಗೆ ಎರಡು ಸಲ ಬಡಿದಳು.

"ರೈಟ್!"

ಬಸ್ಸು ಹೊರಟಿತು.