ಇಪ್ಪತ್ತು ಮಂದಿ ಒಪ್ಪಿದ ತೂಕ

ನಾನು ಒಂದು ತಕ್ಕಡಿ. ತಕ್ಕಡಿ ಎಂದ ಕೂಡಲೇ ನೀವು ಕಿರಾಣಿ ಅಂಗಡಿಯ ಎರಡು ತಟ್ಟೆಗಳನ್ನು ನೆನೆಸಿಕೊಂಡರೆ ನನಗೆ ಬೇಜಾರಾಗುತ್ತದೆ. ನನ್ನದು ಗಡಿಯಾರದಂತಹ ದುಂಡು ಮುಖ, ಒಂದು ಕೆಂಪು ಮುಳ್ಳು, ಮೇಲೊಂದು ಕೊಕ್ಕೆ, ಕೆಳಗೊಂದು ಕೊಕ್ಕೆ, ಹೊಟ್ಟೆಯೊಳಗೆ ಉಕ್ಕಿನ ಸ್ಪ್ರಿಂಗು. ತೊಲೆಗೋ ಮರದ ಕೊಂಬೆಗೋ ನನ್ನನ್ನು ನೇತುಹಾಕಿ, ಕೆಳಗೆ ಜೋಳಿಗೆ ಕಟ್ಟಿ, ಅದರಲ್ಲಿ ಮಗುವನ್ನು ಕೂರಿಸಿದರೆ ನಾನು ತೂಕ ಹೇಳುತ್ತೇನೆ. ಕೂಸುಗಳು ಅಳುತ್ತವೆ, ಒದೆಯುತ್ತವೆ, ಒಮ್ಮೊಮ್ಮೆ ಉಚ್ಚೆ ಹೊಯ್ಯುತ್ತವೆ. ಅದೆಲ್ಲ ನನ್ನ ಕೆಲಸದ ಪಾಡು.

ಹುಟ್ಟಿದ್ದು ದೂರದ ಒಂದು ಚಳಿ ದೇಶದ ಕಾರ್ಖಾನೆಯಲ್ಲಿ. ಬಡ ದೇಶಗಳ ಸರ್ಕಾರಿ ಸಂಖ್ಯಾಶಾಸ್ತ್ರದವರಿಗೆ ತರಬೇತಿ ಕೊಡಬೇಕೆಂದು ಯಾವುದೋ ದೊಡ್ಡ ಸಂಸ್ಥೆ ನಮ್ಮನ್ನು ಮಾಡಿಸಿತ್ತು. ನನ್ನ ಜೊತೆಯವರಲ್ಲಿ ಕೆಲವರು ಆಫ್ರಿಕಾದ ಹಡಗು ಹತ್ತಿದರು, ಕೆಲವರು ನೇಪಾಳಕ್ಕೆ ಹೋದರು. ನಾನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಕಲಬುರ್ಗಿ ಕಡೆಯ ಒಂದು ತರಬೇತಿ ಕೇಂದ್ರಕ್ಕೆ ಬಂದೆ. ನನ್ನ ಜೊತೆಗೆ ಐದು ಕಿಲೋದ ಒಂದು ಹಿತ್ತಾಳೆ ಬಟ್ಟೂ ಬಂತು. ದಿನವೂ ಮೊದಲು ಅದನ್ನು ತೂಗಿ, ಮುಳ್ಳು ಐದಕ್ಕೆ ನಿಂತರೆ ಮಾತ್ರ ನನ್ನನ್ನು ನಂಬಬೇಕು ಎಂದು ಪೆಟ್ಟಿಗೆಯೊಳಗಿನ ಹಾಳೆಯಲ್ಲಿ ಬರೆದಿತ್ತು. ಬಟ್ಟು ಬಲು ಚೆಂದವಿತ್ತು. ಕಳೆದುಹೋದರೆ ಯಾರು ಉತ್ತರ ಹೇಳಬೇಕು ಎಂದು ಉಗ್ರಾಣದವರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅದು ಮತ್ತೆ ಹೊರಗೆ ಬರಲಿಲ್ಲ.

ಅಲ್ಲಿನ ಬೋಧಕರು ಮಾಣಿಕರಾವ್ ಬಿರಾದಾರ. ಕೆಟ್ಟ ಮನುಷ್ಯರಲ್ಲ. ಇಸ್ತ್ರಿ ಕೆಡದ ಅಂಗಿ, ಅಚ್ಚುಕಟ್ಟಾದ ಅಕ್ಷರ, ಒಂದು ದಿನವೂ ತಡವಾಗಿ ಬಂದವರಲ್ಲ. ಬೆಳಿಗ್ಗೆ ಬಂದವರೇ ಒಂದು ಮರಳಿನ ಚೀಲವನ್ನು ನನಗೆ ನೇತುಹಾಕಿ ತೂಕ ನೋಡಿ, ಅದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕುತ್ತಿದ್ದರು. ಆಮೇಲೆ ಇಪ್ಪತ್ತು ಮಂದಿ ತರಬೇತಿಯವರು ಒಬ್ಬೊಬ್ಬರಾಗಿ ಬಂದು ಅದೇ ಚೀಲವನ್ನು ನನ್ನಲ್ಲೇ ತೂಗುವರು. ಚೀಟಿಯ ತೂಕಕ್ಕೆ ಸರಿಹೊಂದಿದರೆ ಪಾಸು. ಪ್ರಶ್ನೆ ಕೇಳುವವನೂ ನಾನೇ, ಉತ್ತರ ಹೇಳುವವನೂ ನಾನೇ. ಆಗ ನನಗೆ ಇದರಲ್ಲೇನೂ ತಪ್ಪು ಕಾಣಲಿಲ್ಲ. ಇಪ್ಪತ್ತು ಮಂದಿ ಒಂದೇ ಅಂಕಿ ಬರೆದಾಗ ನಾನು ಉಬ್ಬಿಹೋಗುತ್ತಿದ್ದೆ.

"ನಿಮ್ಮ ಕಣ್ಣು, ನಿಮ್ಮ ಕರುಳು ಎರಡನ್ನೂ ಮನ್ಯಾಗ ಇಟ್ಟು ಬರ್ರಿ. ಮುಳ್ಳು ಏನು ಹೇಳ್ತದ, ಅದನ್ನಷ್ಟ ಬರೀರಿ" ಎಂದು ಅವರು ಪ್ರತಿ ತಂಡಕ್ಕೂ ಹೇಳುತ್ತಿದ್ದರು.

ಒಂದು ಮಳೆಗಾಲ ತರಬೇತಿ ಇರಲಿಲ್ಲ. ಮರಳಿನ ಚೀಲ ನನ್ನ ಕೊಕ್ಕೆಯಲ್ಲೇ ಉಳಿಯಿತು. ಎರಡು ತಿಂಗಳು ಹಗಲೂ ರಾತ್ರಿ ನಾನು ಆ ಭಾರ ಹೊತ್ತು ನಿಂತೆ. ಯಾರಾದರೂ ಬಂದು ಇಳಿಸಬಾರದೇ ಎಂದು ಗೋಳಾಡಿದೆ. ಚೀಲ ಇಳಿಸುವ ಹೊತ್ತಿಗೆ ನನ್ನ ಸ್ಪ್ರಿಂಗು ಸೋತಿತ್ತು. ತಿರುಪು ತಿರುಗಿಸಿದರೆ ಮುಳ್ಳು ಸೊನ್ನೆಗೆ ಸರಿಯಾಗಿಯೇ ಬರುತ್ತಿತ್ತು. ಭಾರ ಬಿದ್ದರೆ ಮಾತ್ರ ಇರುವುದಕ್ಕಿಂತ ಹೆಚ್ಚು ತೋರಿಸುತ್ತಿತ್ತು. ಮುಂದಿನ ತಂಡ ಬಂತು, ಬಿರಾದಾರರ ಚೀಟಿ ಬಂತು, ಇಪ್ಪತ್ತು ಮಂದಿಯೂ ಮತ್ತೆ ಒಂದೇ ಅಂಕಿ ಬರೆದು ಪಾಸಾದರು.

ಆ ಇಪ್ಪತ್ತರಲ್ಲಿ ಮೊದಲನೆಯವಳಾಗಿ ಬಂದವಳು ಜಗದೇವಿ. ಹೊಸದಾಗಿ ನೇಮಕವಾದ ಸಾಂಖ್ಯಿಕ ನಿರೀಕ್ಷಕಿ. ಅವಳ ಕೈಗೆ ನನ್ನನ್ನು ಕೊಟ್ಟು, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯ ಪಕ್ಕದ ಕೂಲಿಕಾರರ ವಸತಿಗೆ ಕಳುಹಿಸಿದರು. ಅಲ್ಲಿ ಮೂರು ವರ್ಷದೊಳಗಿನ ಮೂವತ್ತಾರು ಮಕ್ಕಳಿದ್ದವು. ಮೂರರಲ್ಲಿ ಒಂದು ಪಾಲು, ಅಂದರೆ ಹನ್ನೆರಡು ಮಕ್ಕಳಾದರೂ ವಯಸ್ಸಿಗೆ ತಕ್ಕ ತೂಕದ ಗೆರೆಗಿಂತ ಕೆಳಗಿದ್ದರೆ ಸರ್ಕಾರ ಅಲ್ಲಿ ಗಂಜಿ ಕೇಂದ್ರ ತೆರೆಯುತ್ತದೆ. ಇಲ್ಲದಿದ್ದರೆ ಇಲ್ಲ.

ಬೇವಿನ ಮರಕ್ಕೆ ನನ್ನನ್ನು ಕಟ್ಟಿದರು. ಕಲ್ಲು ಹೊರುವ ನಿಂಬೆವ್ವ ತನ್ನ ಒಂದೂವರೆ ವರ್ಷದ ಮಗಳು ಚಂದಮ್ಮನನ್ನು ತಂದಳು. ಆ ಕೂಸು ಅಳಲಿಲ್ಲ. ಅಳುವಷ್ಟು ತ್ರಾಣ ಅದಕ್ಕಿರಲಿಲ್ಲ. ಅದರ ಗೆರೆ ಎಂಟು ಕಿಲೋ. ನನ್ನ ಮುಳ್ಳು ಎಂಟನ್ನು ದಾಟಿ ಇನ್ನೂರು ಗ್ರಾಂ ಮುಂದೆ ನಿಂತಿತು.

"ಅಕ್ಕೋರೆ, ನೀವ ಒಮ್ಮಿ ಎತ್ತಿ ನೋಡ್ರಿ" ಎಂದಳು ನಿಂಬೆವ್ವ. "ದಿನಾ ಹೊತ್ತು ತಿರಗ್ತೀನ್ರಿ ನಾ. ಮೊದ್ಲಿಗಿಂತ ಹಗುರಾಗ್ಯಾಳ."

ಜಗದೇವಿ ಎತ್ತಿಕೊಂಡಳು. ಅವಳ ಮುಖ ಸಪ್ಪಗಾಯಿತು. ಮಗುವನ್ನು ಮತ್ತೆ ಜೋಳಿಗೆಯಲ್ಲಿ ಕೂರಿಸಿ ಮೂರು ಸಲ ತೂಗಿದಳು. ಮೂರು ಸಲವೂ ನಾನು ಒಂದೇ ಮಾತು ಹೇಳಿದೆ. ಸುಳ್ಳು ಹೇಳುವುದರಲ್ಲಿ ನಾನು ಅಷ್ಟು ಪಕ್ಕಾ ಆಗಿದ್ದೆ. ಅವಳು ಎಂಟು ಕಿಲೋ ಇನ್ನೂರು ಗ್ರಾಂ ಎಂದು ಬರೆದಳು. ಮೂವತ್ತಾರರಲ್ಲಿ ಗೆರೆಯ ಕೆಳಗೆ ಸಿಕ್ಕಿದ್ದು ಏಳೇ ಮಕ್ಕಳು. ಗಂಜಿ ಕೇಂದ್ರ ಬೇರೆ ಯಾವುದೋ ಊರಿಗೆ ಹೋಯಿತು.

ವರ್ಷದ ಮೇಲೆ ಅವೇ ಮಕ್ಕಳನ್ನು ಮತ್ತೆ ತೂಗಲು ಹೋದೆವು. ಜಗದೇವಿ ಹಳೆಯ ಪಟ್ಟಿ ಹಿಡಿದು ಹೆಸರು ಕೂಗಿದಳು. ಒಂಬತ್ತು ಹೆಸರುಗಳಿಗೆ ಯಾರೂ ಬರಲಿಲ್ಲ. ಚಳಿಗಾಲದಲ್ಲಿ ದಡಾರ ಬಂದಿತ್ತಂತೆ. ಮೈಯಲ್ಲಿ ಕಸುವಿದ್ದವು ಉಳಿದುಕೊಂಡವು, ಇಲ್ಲದವು ಹೋದವು. ಚಂದಮ್ಮನೂ ಹೋಗಿದ್ದಳು.

ಜಗದೇವಿ ಪಟ್ಟಿಯನ್ನು ಮಡಚಿಟ್ಟು, ನನ್ನನ್ನು ಮರದಿಂದ ಬಿಚ್ಚಿಕೊಂಡು ನೆಟ್ಟಗೆ ರೇಷನ್ ಅಂಗಡಿಗೆ ನಡೆದಳು. ಅಲ್ಲಿನ ಸರ್ಕಾರಿ ಮುದ್ರೆಯ ಐದು ಕಿಲೋ ಕಲ್ಲನ್ನು ಜೋಳಿಗೆಯಲ್ಲಿಟ್ಟಳು. ನಾನು ಐದು ಕಿಲೋ ಏಳುನೂರು ಗ್ರಾಂ ಎಂದೆ. ಅವಳು ಕಲ್ಲನ್ನು ಇಳಿಸಿ ಮತ್ತೊಮ್ಮೆ ಇಟ್ಟಳು, ನಾನು ಅದನ್ನೇ ಹೇಳಿದೆ. ನನಗೂ ಆ ಕ್ಷಣದವರೆಗೆ ಗೊತ್ತಿರಲಿಲ್ಲ ಎಂದು ಹೇಗೆ ಹೇಳಲಿ? ಬಾಯಿ ಇದ್ದಿದ್ದರೂ ಹೇಳುವ ಮುಖ ನನಗಿರುತ್ತಿರಲಿಲ್ಲ.

ಅವಳು ಸುಮ್ಮನೆ ಬಿಡುವವಳಲ್ಲ. ಹೊಸ ತಕ್ಕಡಿ ತರಿಸಿದಳು, ಅದನ್ನು ಅದೇ ಕಲ್ಲಿನಿಂದ ಪರೀಕ್ಷಿಸಿ, ಉಳಿದ ಇಪ್ಪತ್ತೇಳು ಮಕ್ಕಳನ್ನು ತೂಗಿದಳು. ನಾನು ಕೈಚೀಲದೊಳಗಿಂದ ಎಲ್ಲ ಕೇಳಿಸಿಕೊಂಡೆ. ನಿಂಬೆವ್ವ ಬರಿಗೈಯಲ್ಲಿ ಬಂದು ನಿಂತಿದ್ದಳು.

"ಈ ತಕ್ಕಡಿ ಖರೇ ಹೇಳ್ತದೇನ್ರಿ ಅಕ್ಕೋರೆ?"

"ಹೇಳ್ತದ, ನಿಂಬೆವ್ವಾ."

"ಈಗ ತೂಗಾಕ ನನ್ನ ಹಂತ್ಯಾಕ ಏನದ?" ಎಂದು ಅವಳು ಕೆಲಸಕ್ಕೆ ಹೊರಟುಹೋದಳು.

ಜಗದೇವಿ ನಾನು ಹೆಚ್ಚು ತೋರಿಸಿದ್ದನ್ನು ಕಳೆದು ಹಳೆಯ ಅಂಕಿಗಳನ್ನೂ ತಿದ್ದಿ ಮತ್ತೆ ಲೆಕ್ಕ ಹಾಕಿದಳು. ಹೋದ ವರ್ಷ ಗೆರೆಯ ಕೆಳಗಿದ್ದದ್ದು ಏಳಲ್ಲ, ಹದಿನೇಳು. ಸತ್ತ ಒಂಬತ್ತೂ ಆ ಹದಿನೇಳರೊಳಗಿನವೇ. ಎರಡೂ ಪಟ್ಟಿಗಳನ್ನು ಬಿರಾದಾರರ ಮೇಜಿನ ಮೇಲಿಟ್ಟಳು.

ಬಿರಾದಾರರು ಓದಿದರು. ಸತ್ತ ಮಕ್ಕಳ ಹೆಸರುಗಳ ಮೇಲೆ ಬೆರಳಿಟ್ಟು ಮತ್ತೊಮ್ಮೆ ಎಣಿಸಿದರು. ಆದರೂ ಅಂದರು: "ತೂಕದ ಹಳೀ ಸುತ್ತು ಮುಗದದವ್ವಾ, ವರದಿ ಅಚ್ಚಾಗಿ ಹೋಗ್ಯದ. ತೀರ್ಮಾನಕ್ಕ ಹೊಸ ಸುತ್ತಿನ ಅಂಕಿ ಅಷ್ಟ ಹಿಡೀತಾರ. ಹೊಸದ್ರಾಗ ಎಷ್ಟ್ ಬಂದಾವ?"

"ಇಪ್ಪತ್ತೇಳರಾಗ ಎಂಟು, ಸರ್."

"ಮೂರರಾಗ ಒಂದ್ ಪಾಲಂದ್ರ ಒಂಬತ್ತು ಬೇಕಿತ್ತಲ್ಲ."

"ಒಂಬತ್ತು ಸತ್ತಾವ್ರಿ ಸರ್! ಅವು ಇದ್ದಿದ್ರ ಹದಿನೇಳು ಆಗ್ತಿತ್ತು."

"ಸತ್ತವ್ರನ್ನ ತೂಗಾಕ ಬರಂಗಿಲ್ಲ, ಜಗದೇವಿ" ಎಂದರು ಬಿರಾದಾರರು, ಮೆಲ್ಲಗೆ. ತಲೆ ಎತ್ತಲಿಲ್ಲ.

ಗಂಜಿ ಕೇಂದ್ರ ಆ ವರ್ಷವೂ ಬರಲಿಲ್ಲ. ಜಗದೇವಿ ಮೇಲಿನವರಿಗೆ ಬರೆದಳು, ಮತ್ತೆ ಬರೆದಳು. ಕೊನೆಗೆ ಅವಳನ್ನು ಬೇರೆ ಜಿಲ್ಲೆಗೆ ವರ್ಗ ಮಾಡಿದರು. ಹೊರಡುವ ದಿನ ನನ್ನ ಕೊಕ್ಕೆಗೆ 'ಮುಳ್ಳು ತಪ್ಪು ತೋರಿಸುತ್ತದೆ, ಬಳಸಬಾರದು' ಎಂಬ ಚೀಟಿ ಕಟ್ಟಿ ಹೋದಳು.

ಈಗ ನಾನು ಉಗ್ರಾಣದ ಮೂಲೆಯಲ್ಲಿದ್ದೇನೆ. ಮುಖದ ಗಾಜು ಒಡೆದಿದೆ, ಸ್ಪ್ರಿಂಗು ತುಕ್ಕು ಹಿಡಿದಿದೆ. ನನ್ನ ಮೇಲೆ ಆ ಎರಡನೆಯ ಸುತ್ತಿನ ವರದಿಯ ಕಟ್ಟು ಬಿದ್ದಿದೆ. ಕಲ್ಲು ಗಣಿಯ ವಸತಿ, ಇಪ್ಪತ್ತೇಳು ಮಕ್ಕಳು, ಗೆರೆಯ ಕೆಳಗೆ ಎಂಟು, ಕೇಂದ್ರದ ಅಗತ್ಯವಿಲ್ಲ ಎಂದು ಅದರಲ್ಲಿದೆ. ಅದಕ್ಕೆ ಯಾರೂ ಚೀಟಿ ಕಟ್ಟಿಲ್ಲ. ಕಟ್ಟಲು ಬರುವುದೂ ಇಲ್ಲ, ಅದರಲ್ಲಿರುವ ಅಂಕಿಗಳೆಲ್ಲ ಸರಿಯಾಗಿವೆ.