ಇಪ್ಪತ್ತಮೂರನೆಯವನು

ಮಂಜು ಇನ್ನೂ ಎದ್ದಿಲ್ಲ, ಬೆಳಗಿನಿಂದ ಹೀಗೇ, ಹಾಲು ಕಲಸಿದ ನೀರಿನ ಹಾಗೆ, ಹಡಗು ಎಲ್ಲಿ ಮುಗಿಯಿತು ಸಮುದ್ರ ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ತಿಳಿಯುವುದಿಲ್ಲ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟುಗಳ ಅಂಚಿನಿಂದ ಹನಿ ತೊಟ್ಟಿಕ್ಕುತ್ತಿದೆ, ಅಡುಗೆಯವನ ಗಲ್ಲದಿಂದಲೂ ತೊಟ್ಟಿಕ್ಕುತ್ತಿದೆ, ಅದು ಮಂಜಲ್ಲ, ಬೆವರು — ಹನ್ನೊಂದು, ಹನ್ನೆರಡು — ಹಡಗಿನ ಕಿರಿಯ ಅಧಿಕಾರಿ, ಮೂರನೇ ಮೇಟ್, ಪೆನ್ಸಿಲಿನ ತುದಿಯನ್ನು ಹೆಸರಿನಿಂದ ಹೆಸರಿಗೆ ಇಳಿಸುತ್ತಾಳೆ, ಹಾಜರಿ ಪಟ್ಟಿ ಅವಳದು, ಲೈಫ್ ಬೋಟು ಅವಳದು, ಬೆಂಕಿ ಆರಿಸುವ ಸಿಲಿಂಡರುಗಳು ಅವಳವು, ಈ ಹಡಗಿನಲ್ಲಿ ತಲೆ ಎಣಿಸುವ ಕೆಲಸ ಅವಳದು, ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲದವಳು ಹಡಗಿನ ಜನರನ್ನು ಕಾಯ್ತಾಳಂತೆ ಅಂತ ಅಣ್ಣ ನಕ್ಕಿದ್ದ, ನಗಲಿ, ಹದಿಮೂರು — ಏಳು ಸಲ ಚಿಕ್ಕದು ಒಂದು ಸಲ ಉದ್ದದು, ಗಂಟೆ ಬಡಿದದ್ದು ಸರಿಯಾಗಿಯೇ, ವಾರಕ್ಕೊಮ್ಮೆ ಡ್ರಿಲ್ಲಿಗೆ ಅವಳೇ ಬಾರಿಸುತ್ತಾಳೆ, ಆಗ ಎಲ್ಲರೂ ಚಪ್ಪಲಿ ಎಳೆದುಕೊಂಡು ಗೊಣಗುತ್ತ ಬರುತ್ತಾರೆ, ಇವತ್ತು ಯಾರೂ ಗೊಣಗಲಿಲ್ಲ, ಕೆಳಗೆ ಎಂಜಿನ್ ಕೋಣೆಯಲ್ಲಿ ಜನರೇಟರಿನ ಹತ್ತಿರ ಎಣ್ಣೆಯ ಪೈಪು ಒಡೆದು ಬೆಂಕಿ ಹತ್ತಿದೆ, ಹೊಗೆ ಹಿಂಬದಿಯ ಕಿಂಡಿಗಳಿಂದ ಕಪ್ಪಗೆ ಬಂದು ಬಿಳಿ ಮಂಜಿನೊಳಗೆ ಸೇರುತ್ತಿದೆ, ಮಸಿ ಕುಡಿಕೆ ಉರುಳಿದ ಹಾಗೆ, ಹದಿನೆಂಟು, ಹತ್ತೊಂಬತ್ತು, ಬೋಸಣ್ಣ ಇಪ್ಪತ್ತು — ಡೆಕ್ಕಿನ ಕೆಲಸಗಾರರ ಮುಖ್ಯಸ್ಥ ಬೋಸನ್ನನ್ನು ಎಲ್ಲರೂ ಕರೆಯುವುದು ಹಾಗೇ, ವಯಸ್ಸಿಗೆ ಹಿರಿಯ, ಮೂರು ಹೆಣ್ಣುಮಕ್ಕಳ ತಂದೆ — ಮೇಲೆ ಚುಕ್ಕಾಣಿ ಕೋಣೆಯಲ್ಲಿರುವ ಕ್ಯಾಪ್ಟನ್ ಇಪ್ಪತ್ತೊಂದು, ಅಲ್ಲಿ ಗ್ಯಾಸಿನ ಕೆಂಪು ಪೆಟ್ಟಿಗೆಯ ಮುಂದೆ ನಿಂತಿರುವ ಚೀಫ್ ಎಂಜಿನಿಯರ್ ಇಪ್ಪತ್ತೆರಡು, ಹತ್ತು ಹೆಜ್ಜೆ ದೂರದಲ್ಲಿ, ಪೆಟ್ಟಿಗೆಯ ಬಾಗಿಲು ತೆರೆದಿದೆ, ಅವರ ಕೈ ಹಿಡಿಯ ಮೇಲಿದೆ, ಹಳೇ ಸುಟ್ಟ ಗಾಯಕ್ಕೆ ಮಿಂಚುವ ಚರ್ಮ, ಹೆಬ್ಬೆರಳಿಗೆ ಉಗುರಿಲ್ಲ. ಎಷ್ಟಾಯ್ತು, ವಾಕಿ-ಟಾಕಿಯಲ್ಲಿ ಕ್ಯಾಪ್ಟನ್. ಇಪ್ಪತ್ತೆರಡು ಸರ್, ಪೂರ್ತಿ. ಖಾತ್ರಿಯಾ? ಖಾತ್ರಿ ಸರ್.

ಎಷ್ಟು ಸಲೀಸಾಗಿ ಬಾಯಿಂದ ಬಿತ್ತು ಆ ಮಾತು, ಸಂತೆಯಲ್ಲಿ ತೂಕ ಹೇಳಿದ ಹಾಗೆ — ಈಗ ಕಿಂಡಿಗಳನ್ನು ಮುಚ್ಚುತ್ತಾರೆ, ಗಾಳಿ ಒಳಗೆ ಹೋಗದ ಹಾಗೆ, ಒಂದು, ಎರಡು, ಕಬ್ಬಿಣದ ಮುಚ್ಚಳ ಬೀಳುವ ಸದ್ದು, ಎಂಟು ಮುಚ್ಚಳಗಳಿವೆ, ಎಂಟೂ ಮುಚ್ಚಿದ ಮೇಲೆ ಚೀಫ್ ಹಿಡಿ ಎಳೆಯುತ್ತಾರೆ, ಗ್ಯಾಸು ಎಂಜಿನ್ ಕೋಣೆಯನ್ನು ತುಂಬುತ್ತದೆ, ಗಾಳಿಯನ್ನು ಹೊರಗೆ ತಳ್ಳುತ್ತದೆ, ಬೆಂಕಿ ಸಾಯುತ್ತದೆ, ಒಳಗೆ ಉಸಿರಾಡುವುದು ಏನಿದ್ದರೂ ಸಾಯುತ್ತದೆ, ಅದಕ್ಕೆ ಬೆಂಕಿ ಯಾವುದು ಮನುಷ್ಯ ಯಾವುದು ಅನ್ನುವ ಭೇದ ಇಲ್ಲ ಅಂತ ಅವಳೇ ಹೊಸಬರಿಗೆ ಪಾಠ ಹೇಳುವುದು, ಆದ್ದರಿಂದಲೇ ಮೊದಲು ಎಣಿಸುವುದು — ಮೂರು, ನಾಲ್ಕು — ಅಡುಗೆಯವನು ಪಿಸುಗುಡುತ್ತಾನೆ, ಅನ್ನ ಒಲೆ ಮೇಲೇ ಬಿಟ್ಟು ಬಂದೆ, ಒಲೆ ಆರಿಸಿದೆಯಾ ಅಂತ ಫಿಟ್ಟರ್, ಆರಿಸಿದೆ ಮಾರಾಯ, ನಿನ್ನ ಹಾಗೆ ಅಲ್ಲ ನಾನು — ಪಟ್ಟಿ ನೆನೆಯುತ್ತಿದೆ, ಜೇಬಿಗೆ ಹಾಕಬೇಕು, ಅವಳು ಜೇಬಿಗೆ ಕೈ ಹಾಕುತ್ತಾಳೆ, ಬೆರಳಿಗೆ ಏನೋ ಚೂಪು ತಗಲುತ್ತದೆ, ಪ್ಲಾಸ್ಟಿಕ್ಕಿನ ಮೂಲೆ, ಏನಿದು, ಗುರುತಿನ ಚೀಟಿ, ಮೀಸೆಯಿರುವ ಮುಖ, ಯಾರು, ಯಾರಪ್ಪಾ ಇವನು, ಮೀಸೆ ಬೋಳಿಸಿದ್ದಾನೆ ಈಗ —

ಫ್ರಿಜ್ ರಿಪೇರಿಯವನು. ಐದು, ಆರು. ದೇವರೇ. ಎಂಟೂವರೆಗೆ ಲಾಂಚಿನಲ್ಲಿ ಬಂದ, ಹತ್ತಕ್ಕೆ ಬರಬೇಕಾದವನು, ಮಂಜು ದಟ್ಟವಾಗುವ ಮೊದಲು ಬಂದುಬಿಟ್ಟೆ ಮೇಡಂ, ಮೂರಕ್ಕೆ ಮಗಳ ಶಾಲೆಗೆ ಹೋಗಬೇಕು, ಅಷ್ಟರೊಳಗೆ ಬಿಟ್ಟುಬಿಡಿ — ಗುರುತಿನ ಚೀಟಿ ಇಸಕೊಂಡು ವಿಸಿಟರ್ ಬಿಲ್ಲೆ ಕೊಟ್ಟಳು, ಅದು ಕ್ರಮ, ಹೋಗುವಾಗ ಬಿಲ್ಲೆ ಕೊಟ್ಟು ಚೀಟಿ ಇಸಕೊಳ್ಳಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು ಅದೂ ಕ್ರಮ, ಆದರೆ ಹಾಳೆ ಮಂಜಿಗೆ ಒದ್ದೆಯಾಗಿ ಪೆನ್ನು ಹಿಡಿಯಲಿಲ್ಲ, ಒಳಗೆ ಹೋಗಿ ಬರೆದರಾಯಿತು ಅಂದುಕೊಂಡಳು, ಆಯಿತು, ಎಲ್ಲ ಆಯಿತು, ಅವನನ್ನು ಕೆಳಗೆ ಕರೆದುಕೊಂಡು ಹೋಗಿ ಎಂಜಿನ್ ಕೋಣೆಯ ಹಿಂದಿನ ಫ್ರಿಜ್ ಯಂತ್ರದ ಗೂಡಿನಲ್ಲಿ ಬಿಟ್ಟಳು, ಗೂಡಿಗೆ ಇರುವುದು ಒಂದೇ ಬಾಗಿಲು, ಅದು ತೆರೆಯುವುದು ಎಂಜಿನ್ ಕೋಣೆಗೆ, ಎರಡನೇ ಎಂಜಿನಿಯರಿಗೆ ಫೋನು ಮಾಡುತ್ತೇನೆ, ಅವರು ಬಂದು ಕರೆಯುವವರೆಗೆ ಇಲ್ಲಿಂದ ಕದಲಬೇಡಿ, ಗೊತ್ತಾಯ್ತಾ — ನಾನು ಹೇಳಿದ ಮಾತು ಕೇಳುವವನು ಮೇಡಂ, ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ — ನಕ್ಕಿದ್ದಳು, ಮೆಟ್ಟಿಲು ಹತ್ತುತ್ತಿದ್ದಳು, ಫೋನಿಗೆ ಕೈ ಚಾಚುವಷ್ಟರಲ್ಲಿ ಗಂಟೆ ಬಡಿಯಿತು, ಏಳು ಚಿಕ್ಕದು ಒಂದು ಉದ್ದದು, ಓಡಿದಳು, ಪಟ್ಟಿ ಹಿಡಿದಳು, ಪಟ್ಟಿಯಲ್ಲಿರುವವರನ್ನೆಲ್ಲ ಎಣಿಸಿದಳು. ಏಳು. ಚೀಫ್ ನಿಲ್ಲಿಸಿ. ದನಿ ಹೊರಡಲಿಲ್ಲವೋ ಮಂಜು ನುಂಗಿತೋ, ಆ ಕೈ ಹಿಡಿಯನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತಿದೆ, ಚೀಫ್ ನಿಲ್ಲಿಸಿ, ಒಳಗೆ ಜನ ಇದ್ದಾರೆ!

ಏನು ತಮಾಷೆನಾ, ಚೀಫ್ ತಿರುಗಿದರು, ಕೈ ಮಾತ್ರ ಹಿಡಿಯ ಮೇಲೇ ಇತ್ತು, ಎಣಿಸಿದ್ದು ನೀವೇ ತಾನೆ? ನಾನೇ. ಎಷ್ಟು ಜನ, ಕ್ಯಾಪ್ಟನ್ ದನಿ. ಇಪ್ಪತ್ತಮೂರು ಸರ್. ಪಟ್ಟಿಯಲ್ಲಿ? ಪಟ್ಟಿ ತಪ್ಪು ಸರ್, ತಪ್ಪು ನನ್ನದು, ರಿಪೇರಿಯವನು ಫ್ರಿಜ್ ಗೂಡಿನಲ್ಲಿದ್ದಾನೆ. ಇನ್ನು ಹತ್ತು ನಿಮಿಷ ಬಿಟ್ಟರೆ ಎಣ್ಣೆ ಟ್ಯಾಂಕಿಗೆ ಹತ್ತುತ್ತೆ ಅಂತ ಚೀಫ್, ಅವರು ಹೇಳಿದ್ದೂ ಸುಳ್ಳಲ್ಲ, ಆಮೇಲೆ ಕ್ಯಾಪ್ಟನ್, ಬೋಸನ್, ಫಿಟ್ಟರ್, ಉಸಿರಿನ ಸಿಲಿಂಡರ್ ಹಾಕಿಕೊಳ್ಳಿ, ಹಿಂದಿನ ಏಣಿಯಿಂದ ಇಳಿಯಿರಿ, ಆರು ನಿಮಿಷ ಕೊಡುತ್ತೇನೆ, ಏಳನೆಯದು ಕೊಡೋದಿಲ್ಲ, ಮೇಲೆ ಇಪ್ಪತ್ತು ಜನ ಇದ್ದಾರೆ. ನಾನು ಇಳೀತೀನಿ ಬೋಸಣ್ಣ, ತಪ್ಪು ನನ್ನದು. ತಪ್ಪಿನ ಲೆಕ್ಕ ಆಮೇಲೆ ಮೇಡಮ್ಮಾ, ನೀವು ಗಡಿಯಾರ ನೋಡಿ, ಅದು ನಿಮ್ಮ ಕೆಲಸ, ವಾಪಸ್ ಬಂದರೆ ಒಂದು ತಿಂಗಳು ಡ್ರಿಲ್ಲು ಮಾಫಿ ಮಾಡಿ, ಸಾಕು — ಮುಖವಾಡ ಹಾಕಿಕೊಂಡ, ಅವನ ಬೆನ್ನಿನ ಪಟ್ಟಿಯನ್ನು ಅವಳೇ ಬಿಗಿದಳು, ಗಾಳಿಯ ಮುಳ್ಳು ನೋಡಿದಳು, ತುಂಬಿದೆ, ಒಳಗಿರುವವನ ತಲೆಗೆ ಹೊದಿಸಲು ಒಂದು ಉಸಿರು ಚೀಲ ಅವನ ಸೊಂಟಕ್ಕೆ ಸಿಕ್ಕಿಸಿದಳು, ಇಬ್ಬರೂ ಹೊಗೆಯೊಳಗೆ ಇಳಿದರು, ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ಹೆಲ್ಮೆಟ್ಟು, ಆಮೇಲೆ ಇಲ್ಲ.

ಒಂದು ನಿಮಿಷ. ಬೇರೆ ಏನೂ ಮಾಡುವ ಹಾಗಿಲ್ಲ, ಗಡಿಯಾರ ನೋಡುವುದು, ಅಜ್ಜಿ ಹೇಳುತ್ತಿದ್ದಳು, ಕೋಳಿಗೆ ಲೆಕ್ಕ ಬರುತ್ತದೇನೇ, ಮಗ್ಗಿ ಕಲಿತಿದೆಯೇನೇ, ಆದರೂ ಒಂದು ಮರಿ ಕಡಿಮೆಯಾದರೆ ಅಂಗಳವೆಲ್ಲ ಕೆದರುತ್ತದೆ, ನೀನು ಓದಿದವಳು, ನಿನಗೆ ಲೆಕ್ಕ ಮಾತ್ರ ಬರುತ್ತದೆ — ಎರಡು — ಒಳಗೆ ಕತ್ತಲು, ದೀಪ ಹೋಗಿರುತ್ತದೆ, ಅವನು ಬಾಗಿಲು ತೆರೆದರೆ ಹೊಗೆ, ತೆರೆಯದಿದ್ದರೆ ಉಳಿದಷ್ಟು ಗಾಳಿ, ತೆರೆಯಬೇಡಪ್ಪಾ, ತೆರೆಯಬೇಡ, ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಾಳೆ, ರಕ್ತದ ಗುಂಪು ಬರೆದಿದೆ, ಹುಟ್ಟಿದ ದಿನ ಬರೆದಿದೆ, ಮಗಳ ಹೆಸರು ಬರೆದಿಲ್ಲ, ಮೂರು ಗಂಟೆಗೆ ಯಾವ ಶಾಲೆ, ಯಾರಿಗೆ ಫೋನು ಮಾಡುವುದು — ಮೂರು — ಭಗವಂತ, ಕೇಳಿಕೊಳ್ಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತೇನೆ, ನನ್ನ ಪಟ್ಟಿಯಲ್ಲಿ ಇಲ್ಲದವನು ನಿನ್ನ ಪಟ್ಟಿಯಲ್ಲಿ ಇರುತ್ತಾನಲ್ಲ, ಅವನನ್ನೂ ಆ ಇಬ್ಬರನ್ನೂ — ನಾಲ್ಕು, ಸರ್ ನಾಲ್ಕು ನಿಮಿಷ — ಡೆಕ್ಕಿನ ಕಬ್ಬಿಣ ಬೂಟಿನ ಅಡಿಯಲ್ಲಿ ಬೆಚ್ಚಗಾಗುತ್ತಿದೆ, ಎಂಟನೇ ಮುಚ್ಚಳದ ಹತ್ತಿರ ಒಬ್ಬ ಕಾಯುತ್ತ ನಿಂತಿದ್ದಾನೆ, ಯಾರೂ ಅವಳ ಕಡೆ ನೋಡುವುದಿಲ್ಲ, ಅವಳು ನೋಡುತ್ತಿರುವುದು ಗಡಿಯಾರವನ್ನು, ಗಡಿಯಾರದ ಆಚೆ ಆ ಕೈಯನ್ನು, ಹಿಡಿಯ ಮೇಲೆ, ಉಗುರಿಲ್ಲದ ಹೆಬ್ಬೆರಳು — ಐದು, ಸರ್ ಐದು — ಐದೂಕಾಲು — ಐದೂವರೆ —

ಹೆಲ್ಮೆಟ್ಟು. ಅದರ ಹಿಂದೆ ಕಿತ್ತಳೆ ಉಸಿರು ಚೀಲ ಹೊದ್ದ ಒಂದು ತಲೆ, ಅದರ ಹಿಂದೆ ಫಿಟ್ಟರನ ಕೈ ಅದನ್ನು ಮೇಲಕ್ಕೆ ನೂಕುತ್ತಿದೆ, ಹತ್ತಪ್ಪಾ ಹತ್ತು, ನಮ್ಮಪ್ಪನಿಗಿಂತ ಭಾರ ಇದ್ದೀಯ, ಮೂವರೂ ಡೆಕ್ಕಿನ ಮೇಲೆ, ಒಂದು ಎರಡು ಮೂರು, ಮುಟ್ಟಿ ಎಣಿಸಿದಳು, ಒಬ್ಬೊಬ್ಬರ ಭುಜ ಮುಟ್ಟಿ, ಆಮೇಲೆ ಉಳಿದ ಎಲ್ಲರನ್ನೂ ಮುಟ್ಟಿ, ಅಡುಗೆಯವನನ್ನೂ ಮುಟ್ಟಿ, ಇಪ್ಪತ್ತಮೂರು ಸರ್, ಖಾತ್ರಿಯಾ ಅಂತ ಕ್ಯಾಪ್ಟನ್ ಕೇಳಲಿಲ್ಲ, ಕೇಳದೆ ಇದ್ದದ್ದು ಕೇಳಿದ್ದಕ್ಕಿಂತ ಹೆಚ್ಚು ನಾಟಿತು, ಎಂಟನೇ ಮುಚ್ಚಳ ಬಿತ್ತು, ಚೀಫ್ ಎಳೆದರು, ಕೆಳಗೆ ಉದ್ದಕ್ಕೆ ಬುಸ್ಸೆಂದಿತು, ಆಮೇಲೆ ಕಾಯುವುದು, ಕಪ್ಪು ಹೊಗೆ ಬೂದು ಬಣ್ಣಕ್ಕೆ ತಿರುಗಿತು, ಆಮೇಲೆ ತೆಳುವಾಯಿತು, ಮಧ್ಯಾಹ್ನದ ಹೊತ್ತಿಗೆ ಡೆಕ್ಕಿನ ಕಬ್ಬಿಣ ತಣ್ಣಗಾಯಿತು, ಮಂಜೂ ಎದ್ದಿತು, ಅವನನ್ನು ಕರೆದೊಯ್ಯಲು ಲಾಂಚು ಬಂತು.

ಏಣಿಯ ತಲೆಯಲ್ಲಿ ಅವನು, ಮೂಗಿನ ಹೊಳ್ಳೆಗೆ ಇನ್ನೂ ಮಸಿ, ಅವಳು ರಿಜಿಸ್ಟರ್ ಹಿಡಿದು ನಿಂತಿದ್ದಾಳೆ, ಒಣಗಿದ ಹಾಳೆ, ಈಗ ಪೆನ್ನು ಹಿಡಿಯುತ್ತದೆ, ಬಂದದ್ದು ಎಂಟೂವರೆ, ಹೋದದ್ದು ಒಂದು ಗಂಟೆ ಹತ್ತು ನಿಮಿಷ, ಬರೆದಳು, ಬೆಳಗಿನಿಂದ ಜೋಡಿಸಿಟ್ಟ ಮಾತು ಬೇರೆ, ಗಂಟೆ ಕೇಳಿಸಲಿಲ್ಲವಾ ನಿಮಗೆ, ಅದೊಂದೇ ಬಂತು. ಕೇಳಿಸ್ತು ಮೇಡಂ. ಮತ್ತೆ? ಕದಲಬೇಡಿ ಅಂದಿದ್ರಲ್ಲ, ಅಂದ, ದೂರುವ ದನಿಯಲ್ಲ, ನಿಜವಾಗಿ ಅಷ್ಟೇ, ನೀವು ಹೇಳಿದವರು ಬಂದು ಕರೀತಾರೆ ಅಂತ ಬಾಗಿಲು ಹಾಕ್ಕೊಂಡು ಕೂತಿದ್ದೆ. ಕೊರಳಿನಿಂದ ಬಿಲ್ಲೆ ತೆಗೆದ, ಅಂಗಿಯಿಂದ ಮಸಿ ಒರೆಸಿ ಕೊಟ್ಟ, ಅವಳು ಚೀಟಿಯನ್ನು ಅವನ ಅಂಗೈಯಲ್ಲಿಟ್ಟಳು, ಮುಷ್ಟಿಯ ಬಿಸಿಗೆ ಸ್ವಲ್ಪ ಬಾಗಿತ್ತು, ಅವನು ನೋಡದೆ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ, ಮೂರು ಗಂಟೆಗೆ ಇನ್ನೂ ಹೊತ್ತಿದೆ, ಲಾಂಚು ತಿರುಗಿತು, ಸಮುದ್ರ ಸ್ವಚ್ಛವಾಗಿ ಕಾಣುತ್ತಿದೆ, ಎಷ್ಟು ದೂರಕ್ಕೂ ಕಾಣುತ್ತಿದೆ, ಅವಳಿಗೆ ಮಾತ್ರ ಕಾಣುವುದು ಹತ್ತು ಹೆಜ್ಜೆ ದೂರದ ಕೆಂಪು ಪೆಟ್ಟಿಗೆ, ಖಾತ್ರಿಯಾ, ಖಾತ್ರಿ ಸರ್, ಹಿಡಿಯ ಮೇಲೆ ಆ ಕೈ, ಉಗುರಿಲ್ಲದ ಹೆಬ್ಬೆರಳು, ಉಗುರಿಲ್ಲದ ಆ ಹೆಬ್ಬೆರಳು